ಒಂದೇ ಪೇರಲ ಮರ, ಎರಡು ಒಕ್ಕಲು: ಅಳಿಲು ಮತ್ತು ಪಿಕಳಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಮ್ಮ ಮನೆ ಹಿತ್ತಲಲ್ಲಿ ಒಂದು ಪೇರಲ ಮರ ಇದೆ, ಬೀದಿ ಕಡೆಗೆ ಒಂದು ಹೊಂಗೆ. ಅಳಿಲಿನ ಸಂಸಾರ, ಪಿಕಳಾರದ ಸಂಸಾರ ಎರಡೂ ಅಲ್ಲೇ ನಡೆಯುತ್ತವೆ. ನನಗೆ ಹಕ್ಕಿ ನೋಡುವ ಗೀಳು ಅಂತ ಓಣಿಗೆಲ್ಲ ಗೊತ್ತಿರುವುದರಿಂದ ಪ್ರಶ್ನೆಗಳಿಗೆ ಬರವಿಲ್ಲ. ವಾಕಿಂಗ್ ಹೋದಾಗ ಕೇಳುತ್ತಾರೆ, ಕಿರಾಣಿ ಅಂಗಡಿ ಮುಂದೆ ನಿಲ್ಲಿಸಿ ಕೇಳುತ್ತಾರೆ, ರಾತ್ರಿ ಹತ್ತಕ್ಕೆ ಮಸುಕು ಫೋಟೊ ಕಳಿಸಿ ವಾಟ್ಸಾಪಿನಲ್ಲಿ ಕೇಳುತ್ತಾರೆ. ಚನ್ನಗಿರಿಯ ಅಡಿಕೆ ತೋಟದವರ, ಹೊಸದುರ್ಗದ ದಾಳಿಂಬೆಯವರ ಪ್ರಶ್ನೆಗಳು ಬೇರೆ ಥರ. ಹೇಳಿದ್ದನ್ನೇ ಹೇಳಿ ಬಾಯಿ ಒಣಗಿದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಬೆಳಗ್ಗೆ ಹೊತ್ತು ‘ಚಿಕ್ ಚಿಕ್ ಚಿಕ್’ ಅಂತ ಒಂದೇ ಸಮ ಬಡ್ಕೊಳ್ತೈತಲ್ರೀ, ಅದು ಯಾವ ಹಕ್ಕಿ?

ಹಕ್ಕಿಯಲ್ಲ, ಅಳಿಲು. ನಾಚಿಕೊಳ್ಳಬೇಡಿ, ನಾನೂ ಮೋಸ ಹೋದವನೇ. ಹೊಸದಾಗಿ ದುರ್ಬೀನು ಕೊಂಡಾಗ ಈ ದನಿಯ ಹಿಂದೆ ಬಿದ್ದು ಅರ್ಧ ಗಂಟೆ ಹೊಂಗೆಯ ಎಲೆಯೆಲ್ಲ ಜಾಲಾಡಿದ್ದೆ. ಕೊನೆಗೆ ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ ‘ಅಂಕಲ್, ಅಳಿಲು ನೋಡಾಕ ದುರ್ಬೀನು ಯಾಕೆ?’ ಅಂದಳು.

ಗುರುತು ಸುಲಭ. ಅಳಿಲಿನ ಕೂಗು ಗಡಿಯಾರದ ಹಾಗೆ ಒಂದೇ ತಾಳದಲ್ಲಿ ನಿಮಿಷಗಟ್ಟಲೆ ನಡೆಯುತ್ತದೆ, ಒಂದೊಂದು ಕೂಗಿಗೂ ಬಾಲ ಒಂದು ಸಲ ಝಾಡಿಸುತ್ತದೆ. ಪಿಕಳಾರ ಮೂರು ನಾಲ್ಕು ಸ್ವರ ಹೇಳಿ ನಿಲ್ಲುತ್ತದೆ, ಮತ್ತೆ ಹೇಳುವಾಗ ಸ್ವಲ್ಪ ಬದಲಿಸುತ್ತದೆ. ಅಳಿಲು ಹಾಗೆ ಬಡಿದುಕೊಳ್ಳುವಾಗ ಅದರ ಮುಖ ಯಾವ ಕಡೆಗಿದೆ ನೋಡಿ. ಹೆಚ್ಚಿನ ಸಲ ಅಲ್ಲೊಂದು ಬೆಕ್ಕು, ಹಾವು ಅಥವಾ ಗಿಡುಗ ಇರುತ್ತದೆ. ಇಂಥ ಹೊತ್ತಿನಲ್ಲಿ ಪಿಕಳಾರವೂ ಬಂದು ದನಿ ಸೇರಿಸುತ್ತದೆ. ಎರಡಕ್ಕೂ ಹಗೆ ಒಂದೇ ಆದಾಗ ಜಗಳ ಆಮೇಲೆ.

ಯಾವ ಅಳಿಲು, ಯಾವ ಪಿಕಳಾರ? ಸರಿಯಾಗಿ ಹೆಸರು ಹೇಳಿ.

ಅಳಿಲು ಅಂದರೆ ಬೆನ್ನ ಮೇಲೆ ಮೂರು ಬಿಳಿ ಪಟ್ಟೆಯದು. ವೈಜ್ಞಾನಿಕ ಹೆಸರು ಫ್ಯುನಾಂಬುಲಸ್ ಪಾಲ್ಮಾರಮ್. ಫ್ಯುನಾಂಬುಲಸ್ ಅಂದರೆ ಲ್ಯಾಟಿನ್ನಿನಲ್ಲಿ ಹಗ್ಗದ ಮೇಲೆ ನಡೆಯುವವನು, ನಮ್ಮ ದೊಂಬರಾಟದವನು. ಕೇಬಲ್ ವೈರಿನ ಮೇಲೆ ಅದು ಓಡುವುದನ್ನು ನೋಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ತೂಕ ನೂರು ಗ್ರಾಂ ಆಸುಪಾಸು.

ಪಿಕಳಾರ ಅಂದರೆ ಬಾಲದ ಬುಡದಲ್ಲಿ ಕೆಂಪು ಇರುವ, ಕರಿ ತಲೆಯ, ಚಿಕ್ಕ ಜುಟ್ಟಿನ ಕಂದು ಹಕ್ಕಿ. ಹಾರುವಾಗ ಸೊಂಟದ ಬಿಳಿ ಕಾಣುತ್ತದೆ. ಪಿಕ್ನೊನೋಟಸ್ ಕೇಫರ್. ಉದ್ದ ಸುಮಾರು 20 ಸೆಂಟಿಮೀಟರ್, ತೂಕ ಅಳಿಲಿನ ಅರ್ಧವೂ ಇಲ್ಲ.

ಎರಡಕ್ಕೂ ನಾಮಕರಣ ಮಾಡಿದವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, ಅದೂ ಒಂದೇ ವರ್ಷ, 1766ರಲ್ಲಿ. ಪುಣ್ಯಾತ್ಮ ಭಾರತಕ್ಕೆ ಕಾಲಿಟ್ಟವನಲ್ಲ. ಪಿಕಳಾರ ಆಫ್ರಿಕಾದ ಗುಡ್‌ಹೋಪ್ ಭೂಶಿರದ್ದು ಅಂತ ತಪ್ಪು ತಿಳಿದು ‘ಕೇಫರ್’ ಅಂತ ಸೇರಿಸಿಬಿಟ್ಟ. ಆ ತಪ್ಪು ಇವತ್ತಿಗೂ ಅದರ ಬಾಲಕ್ಕೆ ಅಂಟಿಕೊಂಡಿದೆ.

ಬುಲ್‌ಬುಲ್ ಅಂದ್ರೆ ಇದೇನಾ? ಗಜಲ್‌ಗಳಲ್ಲಿ ಬರೋದು?

ನಮ್ಮಲ್ಲಿ ಪಿಕಳಾರಕ್ಕೇ ಬುಲ್‌ಬುಲ್ ಅನ್ನುತ್ತಾರೆ, ಸರಿ. ಆದರೆ ಪಾರಸಿ ಕಾವ್ಯದಲ್ಲಿ ಗುಲಾಬಿಗಾಗಿ ಹಂಬಲಿಸುವ ಬುಲ್‌ಬುಲ್ ಬೇರೆ ಹಕ್ಕಿ, ನೈಟಿಂಗೇಲ್. ನಮ್ಮದು ಗುಲಾಬಿಗೆ ಹಂಬಲಿಸುವುದಿಲ್ಲ, ಪೇರಲಕ್ಕೆ ಹಂಬಲಿಸುತ್ತದೆ.

ಪಿಕಳಾರ ‘ಹಾಡುಹಕ್ಕಿ’ ಅಂತೀರಿ. ಕೋಗಿಲೆ ಮುಂದೆ ಇದರ ಹಾಡು ಯಾವ ಲೆಕ್ಕ?

ಇಲ್ಲೊಂದು ತಮಾಷೆ ಇದೆ. ಜೀವಶಾಸ್ತ್ರದ ಲೆಕ್ಕದಲ್ಲಿ ಕೋಗಿಲೆ ಹಾಡುಹಕ್ಕಿಯೇ ಅಲ್ಲ. ಕಾಗೆ ಹಾಡುಹಕ್ಕಿ! ನಮ್ಮ ಕವಿಗಳು ಕೇಳಿದ್ದರೆ ಜಗಳಕ್ಕೇ ಬರುತ್ತಿದ್ದರು. ಹಾಡುಹಕ್ಕಿ ಅನ್ನುವುದು ಒಂದು ವಂಶದ ಹೆಸರು, ಇಂಪಿಗೆ ಕೊಟ್ಟ ಬಿರುದಲ್ಲ. ಪಿಕಳಾರ, ಮೈನಾ, ಗುಬ್ಬಿ, ಗೀಜಗ, ಕಾಗೆ ಎಲ್ಲ ಆ ವಂಶದವು. ಕೋಗಿಲೆ ಬೇರೆ ಮನೆತನ.

ಈ ವಂಶದ ಹಕ್ಕಿಗಳಲ್ಲಿ ದನಿಪೆಟ್ಟಿಗೆಯನ್ನು ಆಡಿಸುವ ಸ್ನಾಯುಗಳು ಹೆಚ್ಚು, ನಾಜೂಕು. ಹಾಡನ್ನು ಹಿರಿಯರಿಂದ ಕೇಳಿ ಕಲಿಯುವುದೂ ಇವುಗಳ ಲಕ್ಷಣ. ನಮಗೆ, ಅಳಿಲಿಗೆ ದನಿ ಹುಟ್ಟುವುದು ಗಂಟಲಲ್ಲಿ. ಹಕ್ಕಿಗೆ ಇನ್ನೂ ಕೆಳಗೆ, ಶ್ವಾಸನಾಳ ಕವಲೊಡೆದು ಎರಡು ಪುಪ್ಪುಸಗಳಿಗೆ ಹೋಗುವ ಜಾಗದಲ್ಲಿ. ಎರಡು ಕವಲನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲದು. ನಾಗಸ್ವರದವನೂ ಶ್ರುತಿ ಹಿಡಿಯುವವನೂ ಒಂದೇ ಎದೆಯಲ್ಲಿ ಕೂತ ಹಾಗೆ. ಅಳಿಲಿನ ‘ಚಿಕ್ ಚಿಕ್’ ಹುಟ್ಟಿನಿಂದ ಬಂದದ್ದು, ಅದಕ್ಕೆ ಗುರು ಬೇಕಿಲ್ಲ.

ಪೇರಲ ಹಣ್ಣು ಕಚ್ಚಿ ಬಿಟ್ಟಿರ್ತವೆ. ಯಾರ ಕೆಲಸ ಅಂತ ಹೆಂಗೆ ಹೇಳೋದು?

ಹಣ್ಣನ್ನು ಕೈಗೆ ತಗೊಂಡು ನೋಡಿ. ಅಂಚಿನಲ್ಲಿ ಉಳಿಯಿಂದ ಕೆತ್ತಿದ ಹಾಗೆ ಸಣ್ಣ ಜೋಡಿ ಗೀರು ಇದ್ದರೆ ಅಳಿಲು. ಅದು ಹಿಂಗಾಲ ಮೇಲೆ ಕೂತು ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೊರೆಯುತ್ತದೆ, ಬೀಜವನ್ನೂ ಬಿಡುವುದಿಲ್ಲ. ಸಿಪ್ಪೆ ಹರಿದು ತಿರುಳಿನಲ್ಲಿ ಗುಳಿ ಗುಳಿ ಬಿದ್ದಿದ್ದರೆ ಹಕ್ಕಿಯ ಕೊಕ್ಕು. ಹಣ್ಣು ರಾತ್ರೋರಾತ್ರಿ ಮಾಯವಾಗಿ ಮರದ ಕೆಳಗೆ ಅಗಿದು ಉಗಿದ ನಾರಿನ ಉಂಡೆ ಬಿದ್ದಿದ್ದರೆ ಇವೆರಡರ ತಪ್ಪಿಲ್ಲ, ಬಾವಲಿಯದು. ಅಳಿಲು, ಪಿಕಳಾರ ಎರಡೂ ಹಗಲು ಜೀವಿಗಳು, ಸಂಜೆ ಆಯಿತೆಂದರೆ ಅಂಗಡಿ ಬಾಗಿಲು ಹಾಕುತ್ತವೆ.

ಹಲ್ಲು ಮತ್ತು ಕೊಕ್ಕಿನ ಈ ವ್ಯತ್ಯಾಸ ಹಣ್ಣಿಗೇ ಮುಗಿಯುವುದಿಲ್ಲ. ಅಳಿಲು ಬೀಜವನ್ನೇ ಕೊರೆದು ತಿಂದರೆ ಆ ಬೀಜದ ಕಥೆ ಮುಗಿಯಿತು. ಪಿಕಳಾರಕ್ಕೆ ಹಲ್ಲಿಲ್ಲ. ಸಣ್ಣ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ಬೀಜ ಹಿಕ್ಕೆಯಲ್ಲಿ ಹೊರಗೆ ಬೀಳುತ್ತದೆ. ಬೇಲಿ ಸಾಲಿನಲ್ಲಿ ಯಾರೂ ನೆಡದ ಶ್ರೀಗಂಧದ ಸಸಿ ಎದ್ದಿರುವುದನ್ನು ನೋಡಿದ್ದೀರಲ್ಲ, ಅದು ಇಂಥ ಹಣ್ಣು ತಿನ್ನುವ ಹಕ್ಕಿಗಳ ಕೆಲಸ. ಪೂರ್ತಿ ಹೊಗಳುವ ಹಾಗೂ ಇಲ್ಲ. ಕುರುಚಲು ಗುಡ್ಡಗಳನ್ನೆಲ್ಲ ನುಂಗುತ್ತಿರುವ ಲಂಟಾನದ ಬೀಜ ಹರಡುವುದರಲ್ಲೂ ಪಿಕಳಾರದ ಪಾಲಿದೆ. ಅದಕ್ಕೆ ಒಳ್ಳೆ ಗಿಡ, ಕೆಟ್ಟ ಗಿಡ ಅನ್ನುವ ಭೇದ ಇಲ್ಲ, ಹಣ್ಣಿದ್ದರೆ ಸಾಕು.

ತೋಟದಾಗೆ ಡ್ರಿಪ್ ಪೈಪು ಕಡಿದು ಹಾಕ್ತಾವೆ. ಪೈಪಿನಾಗೆ ಏನೈತಿ ಅಂತ?

ಒಂದು, ನೀರಿದೆ. ಎರಡು, ಕಡಿಯುವುದು ಅದರ ಜನ್ಮದ ಕರ್ಮ. ಅಳಿಲು ಇಲಿ, ಹೆಗ್ಗಣ, ಮುಳ್ಳುಹಂದಿಯ ಬಳಗದ್ದು, ಅಂದರೆ ದಂಶಕ. ಈ ಬಳಗದವುಗಳಿಗೆ ಮುಂದಿನ ನಾಲ್ಕು ಬಾಚಿಹಲ್ಲು, ಮೇಲೆ ಎರಡು ಕೆಳಗೆ ಎರಡು, ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಸವೆಸದಿದ್ದರೆ ಬಾಯಿ ಮುಚ್ಚುವುದಕ್ಕೂ ಆಗದ ಹಾಗೆ ಉದ್ದವಾಗಿಬಿಡುತ್ತವೆ. ಹಲ್ಲಿನ ಮುಂದಿನ ಮುಖಕ್ಕೆ ಮಾತ್ರ ಗಟ್ಟಿ ಎನಾಮಲ್, ಹಿಂದೆ ಮೆದು. ಹಿಂಭಾಗ ಬೇಗ ಸವೆಯುವುದರಿಂದ ಮುಂದಿನ ಅಂಚು ಯಾವಾಗಲೂ ಉಳಿಯ ಹಾಗೆ ಹರಿತ. ತನ್ನ ಕತ್ತಿಯನ್ನು ತಾನೇ ಮಸೆದುಕೊಳ್ಳುವ ಪ್ರಾಣಿಗೆ ಪೈಪು, ವೈರು, ತೆಂಗಿನ ಎಳೆಗಾಯಿ ಎಲ್ಲ ಒಂದೇ.

ಬೇಸಿಗೆಯಲ್ಲಿ ತೋಟದ ನಾಲ್ಕಾರು ಕಡೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ನೋಡಿ. ನೀರಿಗಾಗಿ ಕಡಿಯುವುದಾದರೂ ಕಡಿಮೆಯಾದೀತು. ಪೈಪನ್ನು ಮಣ್ಣಿನೊಳಗೆ ಹೂಳುವುದು ಇನ್ನೂ ಗಟ್ಟಿ ಉಪಾಯ. ವಿಷ ಇಡಬೇಡಿ. ವಿಷ ತಿಂದ ಅಳಿಲನ್ನು ಗೂಬೆಯೋ ಬೆಕ್ಕೋ ತಿನ್ನುತ್ತದೆ, ಅದೂ ಹೋಗುತ್ತದೆ, ಆಮೇಲೆ ಇಲಿ ಹೆಚ್ಚಿತು ಅಂತ ನೀವೇ ಫೋನ್ ಮಾಡುತ್ತೀರಿ.

ದಾಳಿಂಬೆಗೆ ಖಾರದ ನೀರು ಹೊಡೆದರೆ ಎರಡೂ ಓಡ್ತಾವಾ?

ಅಳಿಲು ಓಡಬಹುದು. ಪಿಕಳಾರಕ್ಕೆ ಏನೂ ಆಗುವುದಿಲ್ಲ. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್ ಅನ್ನುವ ವಸ್ತು. ಅದು ಸಸ್ತನಿಗಳ ಬಾಯಿಯ ನರವನ್ನು ಸುಡುವ ಬಿಸಿ ತಾಗಿದ ಹಾಗೆ ಕೆಣಕುತ್ತದೆ. ಹಕ್ಕಿಗಳಲ್ಲಿ ಆ ನರದ ತುದಿಯ ಪ್ರೋಟೀನು ತುಸು ಬೇರೆ, ಖಾರ ಅದಕ್ಕೆ ತಟ್ಟುವುದೇ ಇಲ್ಲ. ಮೆಣಸಿನ ಗಿಡಕ್ಕೂ ಇದರಿಂದ ಲಾಭ. ಬೀಜ ಅಗಿಯುವ ಇಲಿ ಅಳಿಲು ದೂರ, ಬೀಜ ಹರಡುವ ಹಕ್ಕಿ ಹತ್ತಿರ. ನಮ್ಮೂರ ಮಿರ್ಚಿಯನ್ನು ಕಣ್ಣಲ್ಲಿ ನೀರು ಹಾಕದೆ ತಿನ್ನುವ ಯೋಗ್ಯತೆ ನಿಜವಾಗಿ ಇರುವುದು ಪಿಕಳಾರಕ್ಕೇ.

ಹಕ್ಕಿಗೆ ಬಲೆಯೇ ಗತಿ. ಆದರೆ ಸಡಿಲ ಬಲೆಯಲ್ಲಿ ಕಾಲು ಸಿಕ್ಕಿ ಹಕ್ಕಿ, ಹಾವು ಎರಡೂ ಸಾಯುತ್ತವೆ. ಬಿಗಿಯಾಗಿ ಕಟ್ಟಿ, ಬೆಳಗ್ಗೆ ಸಂಜೆ ಒಂದು ಸುತ್ತು ಹೋಗಿ ಬನ್ನಿ.

ಪಿಕಳಾರಕ್ಕೆ ಅಷ್ಟೊಂದು ಹಣ್ಣಿನ ಹುಚ್ಚು ಯಾಕೆ?

ಹುಚ್ಚಲ್ಲ, ಅಗತ್ಯ. ನಾಯಿ, ಇಲಿ, ದನ ಇವೆಲ್ಲ ವಿಟಮಿನ್ ಸಿ ಅನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆ ಶಕ್ತಿ ಇಲ್ಲ. ಪಿಕಳಾರಕ್ಕೂ ಇಲ್ಲ. ಹಾಗಾಗಿ ಊಟದಲ್ಲೇ ಸಿಗಬೇಕು, ಪೇರಲದಲ್ಲಿ ಅದು ಧಾರಾಳ. ಅಜ್ಜಿ ಮಕ್ಕಳಿಗೆ ಪೇರಲ ತಿನ್ನಿಸುವುದಕ್ಕೂ ಪಿಕಳಾರ ಬೆಳಗ್ಗೆ ನಮಗಿಂತ ಮೊದಲು ಮರ ಹತ್ತುವುದಕ್ಕೂ ಕಾರಣ ಒಂದೇ.

ಕಣ್ಣಿನ ವಿಷಯವೂ ಇದೆ. ಹಕ್ಕಿಗೆ ಬಣ್ಣ ನಮಗಿಂತ ಹೆಚ್ಚು ಕಾಣುತ್ತದೆ, ಅತಿನೇರಳೆಯೂ ಸೇರಿ. ಅಳಿಲಿಗೆ ಕೆಂಪು ಹಸಿರಿನ ವ್ಯತ್ಯಾಸ ಮಂದ. ಹಣ್ಣಾದ ದಾಳಿಂಬೆಯನ್ನು ಹಕ್ಕಿ ದೂರದಿಂದಲೇ ನೋಡಿ ಬರುತ್ತದೆ, ಅಳಿಲು ಕೊಂಬೆ ಕೊಂಬೆಗೆ ಹೋಗಿ ಮೂಸಿ ನೋಡುತ್ತದೆ.

ಮೀಟರ್ ಬೋರ್ಡ್ ಮೇಲೆ ಗೂಡು ಕಟ್ಟಿದೆ. ಎಷ್ಟು ದಿನ ಸುಮ್ಮನಿರಬೇಕು?

ಇಡೀ ಪಟ್ಟಿಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಉತ್ತರ ಗೂಡು ಯಾರದು ಅನ್ನುವುದರ ಮೇಲಿದೆ.

ಪಿಕಳಾರದ್ದು ಸಣ್ಣ ಬಟ್ಟಲಿನ ಹಾಗೆ. ಕಡ್ಡಿ, ಬೇರು, ಜೇಡರ ಬಲೆಯ ನೂಲು, ಈಗೀಗ ಸಣ್ಣ ತಂತಿ ಚೂರೂ ಸೇರಿ ಹೆಣೆದಿರುತ್ತದೆ. ನೆಲದಿಂದ ಆಳೆತ್ತರದಲ್ಲಿ, ಮಲ್ಲಿಗೆ ಬಳ್ಳಿ, ಹೂಕುಂಡ, ಸ್ವಿಚ್ಚು ಹೀಗೆ ಎಲ್ಲೆಂದರಲ್ಲಿ. ಎರಡೋ ಮೂರೋ ಮೊಟ್ಟೆ, ತೆಳು ಗುಲಾಬಿ ಮೇಲೆ ಕೆಂಪು ಚುಕ್ಕೆ. ಮರಿ ಒಡೆಯುವುದಕ್ಕೆ ಸುಮಾರು 14 ದಿನ. ಗಂಡು ಹೆಣ್ಣು ಎರಡೂ ಹುಳು ತಂದು ತುರುಕುತ್ತವೆ, ಮತ್ತೆ ಎರಡು ವಾರದ ಒಳಗೆ ಮರಿ ಗೂಡು ಬಿಡುತ್ತದೆ. ಅಂದರೆ ಒಂದು ತಿಂಗಳು ಕಾದರೆ ಮನೆ ಖಾಲಿ.

ಅಳಿಲಿನದು ಬೇರೆ ಲೆಕ್ಕ. ಗರ್ಭ 34 ದಿನದ ಆಸುಪಾಸು, ಎರಡು ಮೂರು ಮರಿ, ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ಹಾಲು ಬಿಡುವುದಕ್ಕೆ ಹತ್ತು ವಾರ ಬೇಕು. ತಂದೆಯ ಸುಳಿವೇ ಇಲ್ಲ, ತಾಯಿ ಒಬ್ಬಳದೇ ದುಡಿತ. ಅಳಿಲಿನದು ಒಂದು ಬಾಣಂತನ ಮುಗಿಯುವಷ್ಟು ಹೊತ್ತಿಗೆ ಪಿಕಳಾರ ಎರಡು ಸಲ ಮರಿ ಎಬ್ಬಿಸಿ ಮುಗಿಸಬಹುದು. ಮೊಟ್ಟೆ ಇಡುವವಳಿಗೆ ಅವಸರ: ಬಟ್ಟಲಿನಂಥ ತೆರೆದ ಗೂಡು, ಎಷ್ಟು ದಿನ ಹೆಚ್ಚಾದರೆ ಅಷ್ಟು ಅಪಾಯ. ಹಾಲು ಕುಡಿಸುವವಳದು ಮುಚ್ಚಿದ ಗೂಡು: ತೆಂಗಿನ ಗರಿಯ ಬುಡ, ಹಂಚಿನ ಸಂದು, ವೆಂಟಿಲೇಟರ್. ಒಳಗೆ ಮೆತ್ತಗೆ ನಾರು, ಬಟ್ಟೆ ಚೂರು, ಹತ್ತಿ. ನಮ್ಮದು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿಗಳ ಕಾಲ ಹೋಯಿತು, ಅಳಿಲು ಮಾತ್ರ ಅಟ್ಟದ ಮೇಲಿನ ಹಳೇ ಗಾದಿಯಿಂದ ಹತ್ತಿ ಎಳೆಯುವುದನ್ನು ನಿಲ್ಲಿಸಿಲ್ಲ.

ಮರ ಕಡಿಸುವ ಮೊದಲೂ ಗೂಡು ಇದೆಯಾ ಅಂತ ನೋಡಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾನೇ ಮಾಡಿಕೊಂಡ ತಪ್ಪು ಒಂದಿದೆ. ತಂತಿಗೆ ತಾಗುತ್ತಿದ್ದ ಹೊಂಗೆಯ ಕೊಂಬೆಯನ್ನು ಮಳೆಗಾಲಕ್ಕೆ ಮುಂಚೆ ಆಳು ಕರೆಸಿ ಕಡಿಸಿದೆ. ಕೊಂಬೆ ನೆಲಕ್ಕೆ ಬಿದ್ದ ಮೇಲೆ ಗೂಡು ಕಂಡಿತು. ಎರಡು ಮೊಟ್ಟೆ, ಒಂದು ಒಡೆದಿತ್ತು. ಜೋಡಿ ಹಕ್ಕಿ ಸಂಜೆವರೆಗೂ ಕೊಂಬೆ ಇದ್ದ ಖಾಲಿ ಜಾಗಕ್ಕೆ ಬಂದು ಬಂದು ಹೋದವು. ಒಂದು ತಿಂಗಳು ತಡೆದಿದ್ದರೆ ತಂತಿಗೇನೂ ಆಗುತ್ತಿರಲಿಲ್ಲ.

ಅಳಿಲು ಸಸ್ಯಾಹಾರಿ ತಾನೇ? ಹಕ್ಕಿ ಮೊಟ್ಟೆ ತಿನ್ನುತ್ತಾ?

ತಿನ್ನುತ್ತದೆ. ಪಾಪದ ಪ್ರಾಣಿ ಅಂದುಕೊಂಡವರಿಗೆ ಇದು ಬೇಜಾರು. ಮೊಟ್ಟೆ, ಎಳೇ ಮರಿ, ಹುಳು ಯಾವುದನ್ನೂ ಬಿಡುವುದಿಲ್ಲ. ಪಿಕಳಾರದ ಜೋಡಿ ಅಳಿಲನ್ನು ಕುಕ್ಕಿ ಓಡಿಸುವುದನ್ನು ನಮ್ಮ ಹಿತ್ತಲಲ್ಲೇ ಎಷ್ಟೋ ಸಲ ನೋಡಿದ್ದೇನೆ. ಪಿಕಳಾರವೂ ಹುಳ ಹಿಡಿಯುತ್ತದೆ. ಮಡಿ ಯಾರಿಗೂ ಇಲ್ಲ.

ಮರಿ ಕೆಳಗೆ ಬಿದ್ದಿದೆ. ಏನು ಮಾಡೋದು?

ಹಕ್ಕಿ ಮರಿಗೆ ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರುವುದನ್ನು ಕಲಿಯುತ್ತಿದೆ. ಬೆಕ್ಕನ್ನು ಒಳಗೆ ಹಾಕಿ, ದೂರ ನಿಲ್ಲಿ. ಬೋಳು ಮರಿಯಾಗಿದ್ದರೆ ಎತ್ತಿ ಗೂಡಿನಲ್ಲಿಡಿ. ಮನುಷ್ಯನ ಕೈ ತಾಗಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಕೊಕ್ಕಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಅನ್ನವನ್ನೂ ತುರುಕಬೇಡಿ.

ಅಳಿಲಿನ ಮರಿಯಾದರೆ ಮೊದಲು ಬೆಚ್ಚಗಿಡಿ. ಹತ್ತಿ ಬಟ್ಟೆ ಹಾಸಿದ ಮೇಲ್ಮುಚ್ಚಳವಿಲ್ಲದ ಡಬ್ಬಿಯನ್ನು ಬಿದ್ದ ಮರದ ಬುಡದಲ್ಲೇ, ಇರುವೆ ಬಾರದ ಹಾಗೆ, ಇಟ್ಟು ಮರೆಯಾಗಿ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುವುದು ಸಾಮಾನ್ಯ. ಹಸುವಿನ ಹಾಲು ಕುಡಿಸಬೇಡಿ, ಭೇದಿ ಹತ್ತಿ ಒಂದೇ ದಿನಕ್ಕೆ ಮುಗಿಯುತ್ತದೆ. ಸಂಜೆವರೆಗೂ ತಾಯಿ ಬಾರದಿದ್ದರೆ ಪಶುವೈದ್ಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ.

ಹಿಡಿದು ಸಾಕಬಹುದಾ?

ಬೇಡ. ಪಿಕಳಾರವನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಡುಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡುವುದನ್ನೂ ಆ ಕಾಯ್ದೆ ‘ಬೇಟೆ’ ಅಂತಲೇ ಕರೆಯುತ್ತದೆ. ಅಳಿಲನ್ನು ಮರ ಇರುವ ಮನೆಯವರು ಪಂಜರದಲ್ಲಿ ಯಾಕೆ ಇಡಬೇಕು?

ಅಳಿಲು ಕಚ್ಚಿದರೆ ಹುಚ್ಚುನಾಯಿ ಸೂಜಿ ಬೇಕಾ?

ಅಳಿಲು, ಇಲಿಯಂಥ ಸಣ್ಣ ದಂಶಕಗಳಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ಅಪರೂಪ. ಆದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಸೂಜಿ ಬೇಕೋ ಬೇಡವೋ ಅವರು ಹೇಳಲಿ, ನಾನಲ್ಲ. ಟಿಟಿ ವಿಷಯವನ್ನೂ ಅವರನ್ನೇ ಕೇಳಿ.

ರಾಮ ಬೆನ್ನು ಸವರಿದ್ದಕ್ಕೆ ಮೂರು ಗೆರೆ ಅಂತಾರೆ. ಉತ್ತರದ ಅಳಿಲಿಗೆ ಐದು ಗೆರೆ ಅಂತೆ, ಹೌದಾ?

ಹೌದು. ಫ್ಯುನಾಂಬುಲಸ್ ಪೆನ್ನಾಂಟಿ ಅನ್ನುವುದು ಬೇರೆ ಪ್ರಭೇದ. ಬೆನ್ನ ಮೇಲೆ ಮೂರು, ಪಕ್ಕೆಗಳಲ್ಲಿ ಮಸುಕಾಗಿ ಇನ್ನೊಂದೊಂದು. ‘ಅಳಿಲ ಸೇವೆ, ಮಳಲ ಭಕ್ತಿ’ ಅನ್ನುವ ನಾಡಿನಲ್ಲಿ ಹುಟ್ಟಿದ ನನಗೆ ಆ ಕಥೆ ಇಷ್ಟ. ಐದು ಗೆರೆಯದನ್ನು ರಾಮ ಹಸ್ತವಿಟ್ಟು ಸವರಿದ ಅಂದುಕೊಂಡರಾಯಿತು. ಗೆರೆಗಳ ಉಪಯೋಗ ಮಾತ್ರ ಬಿಸಿಲು ನೆರಳಿನ ಕೊಂಬೆ ಮೇಲೆ ಗೊತ್ತಾಗುತ್ತದೆ. ಅಲುಗಾಡದೆ ಕೂತರೆ ಗಿಡುಗಕ್ಕಿರಲಿ, ದುರ್ಬೀನಿಗೂ ಸಿಗುವುದಿಲ್ಲ.

ಅಳಿಲು ತಲೆಕೆಳಗಾಗಿ ಮರ ಇಳಿಯುತ್ತೆ, ಬೆಕ್ಕಿಗೆ ಯಾಕೆ ಆಗಲ್ಲ?

ಅಳಿಲಿನ ಹಿಂಗಾಲಿನ ಪಾದ ಹಿಮ್ಮುಖವಾಗಿ ತಿರುಗುತ್ತದೆ. ಇಳಿಯುವಾಗ ಉಗುರು ಮೇಲ್ಮುಖವಾಗಿ ತೊಗಟೆ ಕಚ್ಚಿ ಹಿಡಿಯುತ್ತದೆ. ಬೆಕ್ಕಿಗೆ ಅದಿಲ್ಲ, ಹತ್ತಿದ ಮೇಲೆ ಅಳುತ್ತ ಕೂರುತ್ತದೆ.

ಚಿತ್ರದುರ್ಗದ ಕೋಟೆ ಹತ್ತುವಾಗ ನೋಡಿದ್ದೂ ಇದೇ ಪಿಕಳಾರಾನಾ?

ಹೆಚ್ಚಾಗಿ ಇದೇ. ಆದರೆ ಕೋಟೆ ಸುತ್ತಲಿನಂಥ ಬಂಡೆಗುಡ್ಡಕ್ಕೆ ಹೋದಾಗ ತಲೆ, ಕೊರಳು ಹಳದಿ ಇರುವ, ಜುಟ್ಟಿಲ್ಲದ ಪಿಕಳಾರ ಕಂಡೀತೇನೋ ಅಂತ ಕಣ್ಣಿಟ್ಟಿರಿ. ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಬಂಡೆ, ಕುರುಚಲು ಬೆಟ್ಟಗಳಲ್ಲಿ ಮಾತ್ರ ಇರುವ ಹಕ್ಕಿ. ಜಗತ್ತಿನ ಇನ್ನೆಲ್ಲೂ ಇಲ್ಲ. ಕ್ವಾರಿಗೆ ಬಂಡೆ ಹೋದಷ್ಟೂ ಅದರ ಮನೆ ಹೋಗುತ್ತದೆ. ಅದು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ.

ನಮ್ಮ ಕೆಂಪು ಬಾಲದ್ದು ಇನ್ನೊಂದು ಪಟ್ಟಿಯಲ್ಲಿದೆ: ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿ. ಜನ ಪಂಜರದಲ್ಲಿ ಹೊತ್ತುಕೊಂಡು ಹೋದದ್ದು ಫಿಜಿ, ಹವಾಯಿಯಂಥ ದ್ವೀಪಗಳಲ್ಲಿ ತಪ್ಪಿಸಿಕೊಂಡು ಅಲ್ಲಿಯ ತೋಟಗಳಿಗೆ ತಲೆನೋವಾಗಿದೆ. ಒಂದೇ ಮನೆತನ, ಒಬ್ಬನಿಗೆ ಊರು ಬಿಟ್ಟು ಬದುಕಲಾರದ ಕಷ್ಟ, ಇನ್ನೊಬ್ಬ ಹೋದಲ್ಲೆಲ್ಲ ಜಮೀನು ಮಾಡಿಕೊಂಡ.

ಮಂಡಕ್ಕಿ ಹಾಕಿದರೆ ಎರಡೂ ಬರ್ತಾವಾ?

ಅಳಿಲು ಬರುತ್ತದೆ, ಕೈವರೆಗೂ ಬರುತ್ತದೆ. ಒಗ್ಗರಣೆ ಹಾಕಿದ್ದು, ಉಪ್ಪು ಖಾರದ್ದು ಬೇಡ. ಪಿಕಳಾರಕ್ಕೆ ಮಂಡಕ್ಕಿಗಿಂತ ಮಾಗಿದ ಪಪ್ಪಾಯಿ ಹೋಳು ಇಷ್ಟ. ಏಪ್ರಿಲ್ ಬಿಸಿಲಿಗೆ ಇಬ್ಬರಿಗೂ ಬೇಕಾದದ್ದು ನೀರು. ತಟ್ಟೆ ಆಳ ಇರಬಾರದು, ದಿನಾ ತೊಳೆಯಬೇಕು.

ಇಷ್ಟೆಲ್ಲ ಆದ ಮೇಲೆ ನಿಮಗೆ ಪೇರಲ ಸಿಗುತ್ತಾ ಸಾರ್?

ಸಿಗುತ್ತದೆ. ಕಾಯಿಯ ಕಡುಹಸಿರು ತಿಳಿಯಾದ ದಿನವೇ ಕಿತ್ತು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರೆ ಎರಡು ಮೂರು ದಿನದಲ್ಲಿ ಹಣ್ಣಾಗುತ್ತದೆ. ಅದೂ ಕೈಗೆಟಕುವ ಕೊಂಬೆಯದು ಮಾತ್ರ. ಮೇಲಿನದಕ್ಕೆ ಏಣಿ ಹಾಕುವುದನ್ನು ಸೊಂಟ ಉಳುಕಿದ ವರ್ಷ ಬಿಟ್ಟೆ.